ಸಿ ಡ್ರೈವ್ ಕೆಂಪಾದಾಗ

ವೆರಿಲಾಗ್ ಲ್ಯಾಬ್ ರೆಕಾರ್ಡ್ ಸಬ್ಮಿಟ್ ಮಾಡಬೇಕಿದ್ದ ಹಿಂದಿನ ರಾತ್ರಿ ನನ್ನ ಲ್ಯಾಪ್‌ಟಾಪ್ ಸಿಮ್ಯುಲೇಷನ್ ಅನ್ನು ಅರ್ಧಕ್ಕೇ ನಿಲ್ಲಿಸಿಬಿಟ್ಟಿತು. ಕಾರಣ ಒಂದೇ ಸಾಲು: ಡಿಸ್ಕಿನಲ್ಲಿ ಜಾಗ ಇಲ್ಲ. ಸಿ ಡ್ರೈವ್ ತೆರೆದು ನೋಡಿದರೆ ಆ ಪಟ್ಟಿ ಪೂರ್ತಿ ಕೆಂಪಾಗಿತ್ತು. 118 ಜಿಬಿಯಲ್ಲಿ ಉಳಿದಿದ್ದು 600 ಎಂಬಿ. ಅವತ್ತು ರಾತ್ರಿ ಎರಡು ಗಂಟೆವರೆಗೆ ನಾನು ಓದಿದ್ದೇನೂ ಇಲ್ಲ, ಬರೀ ಫೈಲ್ ಡಿಲೀಟ್ ಮಾಡ್ತಾ ಕೂತಿದ್ದೆ.

ಈ ಲ್ಯಾಪ್‌ಟಾಪ್ ನನ್ನದಲ್ಲ, ಅಕ್ಕಂದು. 2020ರ ಲಾಕ್‌ಡೌನಲ್ಲಿ ಅವಳ ಆನ್‌ಲೈನ್ ಕ್ಲಾಸಿಗೆ ಅಂತ ಅಪ್ಪ ಕೊಡಿಸಿದ್ದು. ಆಗ ಬರ್ತಿದ್ದ ಎಷ್ಟೋ ಲ್ಯಾಪ್‌ಟಾಪ್‌ಗಳ ಥರಾನೇ ಇದರಲ್ಲೂ ಎರಡು ಡ್ರೈವ್: ವಿಂಡೋಸ್‌ಗೆ ಅಂತ 128 ಜಿಬಿಯ ಒಂದು ಪುಟ್ಟ ಎಸ್‌ಎಸ್‌ಡಿ, ಉಳಿದದ್ದಕ್ಕೆ 1 ಟಿಬಿಯ ತಿರುಗುವ ಹಾರ್ಡ್ ಡಿಸ್ಕ್. ನಮ್ಮ ಕ್ಲಾಸಲ್ಲೇ ಅಣ್ಣ ಅಕ್ಕಂದಿರಿಂದ ಬಂದ ಇಂಥ ಲ್ಯಾಪ್‌ಟಾಪ್ ಆರೇಳು ಇವೆ. ಎಲ್ಲರದ್ದೂ ಇದೇ ಗೋಳು. ಅದಕ್ಕೇ ಇದನ್ನ ಬರೀತಿದ್ದೀನಿ. ನಾನು ಆ ಪುಟ್ಟ ಡ್ರೈವ್ ತೆಗೆದು 512 ಜಿಬಿದು ಹಾಕಿದೆ. ಸ್ಕ್ರೂಡ್ರೈವರ್ ಹಿಡಿದ ಕೆಲಸ ಇಪ್ಪತ್ತು ನಿಮಿಷ. ಅದಕ್ಕೆ ಮೊದಲು ಏನೇನು ನೋಡಿಕೊಳ್ಳಬೇಕಿತ್ತೋ ಅದನ್ನ ನೋಡಿಕೊಳ್ಳದೆ ಎರಡು ದಿನ ಹಾಳಾಯ್ತು, ಮನೆಯವರೆಲ್ಲರ ಐದು ವರ್ಷದ ಲೆಕ್ಕ ಹೋಗೇಬಿಟ್ಟಿತು ಅಂತ ಒಂದು ಗಂಟೆ ಕೈಕಾಲು ನಡುಗಿತು.

ಮೊದಲು ಒಂದು ಸಣ್ಣ ಅನುಮಾನ ತೀರಿಸಿಬಿಡ್ತೀನಿ. 128 ಜಿಬಿ ಅಂತ ಬರೆದಿರೋ ಡ್ರೈವ್ ವಿಂಡೋಸಲ್ಲಿ 119 ಅಂತ ಯಾಕೆ ತೋರಿಸುತ್ತೆ? ಯಾರೂ ಕದ್ದಿಲ್ಲ. ತಯಾರಿಸಿದವರು ಒಂದು ಜಿಬಿ ಅಂದ್ರೆ ನೂರು ಕೋಟಿ ಬೈಟ್ ಅಂತ ಎಣಿಸ್ತಾರೆ. ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತೆ. ಅದೇ ಲೆಕ್ಕದಲ್ಲಿ 512 ಅನ್ನೋದು 476 ಆಗುತ್ತೆ, 1 ಟಿಬಿ ಅನ್ನೋದು 931. ಅದರಲ್ಲಿ ಬೂಟ್ ಮಾಡೋಕೆ, ರಿಕವರಿಗೆ ಅಂತ ಇನ್ನೂ ಸ್ವಲ್ಪ ಹೋಗುತ್ತೆ. ಕೊಳ್ಳುವಾಗ ಈ ಕಡಿತ ತಲೆಯಲ್ಲಿರಲಿ.

ದುಡ್ಡು ಖರ್ಚು ಮಾಡೋ ಮುಂಚೆ ಜಾಗ ತಿಂತಿರೋದು ಯಾವುದು ಅಂತ ನೋಡಿ. ವಿನ್‌ಡರ್‌ಸ್ಟ್ಯಾಟ್ ಅನ್ನೋ ಫ್ರೀ ಸಾಫ್ಟ್‌ವೇರ್ ಇಡೀ ಡ್ರೈವನ್ನ ಬಣ್ಣದ ಚೌಕಗಳಾಗಿ ತೋರಿಸುತ್ತೆ. ದೊಡ್ಡ ಚೌಕ ಅಂದ್ರೆ ದೊಡ್ಡ ಫೈಲ್. ನನ್ನದರಲ್ಲಿ ಹೈಬರ್ನೇಷನ್ ಫೈಲೇ 3 ಜಿಬಿ ಚಿಲ್ಲರೆ ಇತ್ತು. ಕಮಾಂಡ್ ಪ್ರಾಂಪ್ಟನ್ನ ಅಡ್ಮಿನಿಸ್ಟ್ರೇಟರ್ ಆಗಿ ತೆಗೆದು ಹೈಬರ್ನೇಷನ್ ಆಫ್ ಮಾಡಿದರೆ ಅದು ತಾನಾಗೇ ಮಾಯ. ಹಳೇ ಅಪ್‌ಡೇಟ್‌ಗಳ ಕಸ ಡಿಸ್ಕ್ ಕ್ಲೀನಪ್‌ನಲ್ಲಿ ಹೋಗುತ್ತೆ. ಇದೆಲ್ಲ ಮಾಡಿ ನಾನು 14 ಜಿಬಿ ಗಳಿಸಿದೆ. ಮೂರು ವಾರದಲ್ಲಿ ಮತ್ತೆ ಕೆಂಪು.

"ಡಿ ಡ್ರೈವಲ್ಲಿ ಒಂದು ಟಿಬಿ ಖಾಲಿ ಬಿದ್ದಿದೆಯಲ್ಲೋ, ಅಲ್ಲಿ ಹಾಕು" ಅಂತ ರೂಮ್‌ಮೇಟ್ ಹೇಳಿದ. ಹಾಕಿ ನೋಡಿದೆ. ಸಾಫ್ಟ್‌ವೇರನ್ನ ಡಿಯಲ್ಲಿ ಇನ್‌ಸ್ಟಾಲ್ ಮಾಡಿದರೂ ಅದು ತನ್ನ ಸೆಟ್ಟಿಂಗ್ಸು, ಕ್ಯಾಶ್ ಎಲ್ಲ ತಂದು ಸಿಯಲ್ಲೇ ಸುರಿಯುತ್ತೆ. ಜೊತೆಗೆ ವಿವಾಡೋ ಥರದ್ದನ್ನ ತಿರುಗೋ ಡಿಸ್ಕಿನಿಂದ ಓಡಿಸಿದರೆ ತೆರೆಯೋ ಹೊತ್ತಿಗೆ ಮೆಸ್ಸಿಗೆ ಹೋಗಿ ಟೀ ಕುಡಿದು ಬರಬಹುದು. ಫೋಟೋ, ಸಿನಿಮಾ, ಪಿಡಿಎಫ್ ಇಡೋಕೆ ಡಿ ಸಾಕು. ಟೂಲ್‌ಗಳಿಗೆ ಸಾಲದು.

ಹಾಗಾದ್ರೆ ಹೊಸ ಎಸ್‌ಎಸ್‌ಡಿ. ಇಲ್ಲಿ ನಿಧಾನವಾಗಿ ಓದಿ. ನಮ್ಮ ರೂಮಲ್ಲೇ ಒಬ್ಬ ಇಲ್ಲಿ ಎಡವಿ ದುಡ್ಡು ಕಳ್ಕೊಂಡಿದ್ದಾನೆ.

ಲ್ಯಾಪ್‌ಟಾಪ್ ಒಳಗಿರೋ ಪುಟ್ಟ ಎಸ್‌ಎಸ್‌ಡಿ ಸಾಮಾನ್ಯವಾಗಿ ಚ್ಯೂಯಿಂಗ್ ಗಮ್ ಪಟ್ಟಿ ಥರ ಇರುತ್ತೆ. ಆ ಆಕಾರಕ್ಕೆ ಎಂ.2 ಅಂತ ಹೆಸರು. ಅದರ ಮೇಲೆ 2280 ಅಂತ ಇದ್ರೆ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ ಅಂತ ಅರ್ಥ. 2242, 2230 ಅನ್ನೋ ಗಿಡ್ಡವೂ ಇವೆ. ಕೆಲವು ಲ್ಯಾಪ್‌ಟಾಪಲ್ಲಿ ಗಿಡ್ಡದಕ್ಕೆ ಮಾತ್ರ ಜಾಗ, ಸ್ಕ್ರೂ ಕೂರೋ ಗುಬಟೇ ಬೇರೆ ಕಡೆ ಇರುತ್ತೆ. ಆದ್ರೆ ಎಂ.2 ಅನ್ನೋದು ಆಕಾರದ ಹೆಸರು ಅಷ್ಟೇ. ಆ ತಂತಿಯಲ್ಲಿ ಮಾತಾಡೋ ಭಾಷೆ ಎರಡು ಥರ: ಹಳೇದು ಸಾಟಾ, ಹೊಸದು ಎನ್‌ವಿಎಂಇ. ಸಾಟಾ ಸೆಕೆಂಡಿಗೆ ಹೆಚ್ಚೂಕಡಿಮೆ 550 ಎಂಬಿಗೆ ನಿಂತುಬಿಡುತ್ತೆ. ಮೂರನೇ ಪೀಳಿಗೆಯ ಪಿಸಿಐಇ ಮೇಲೆ ಓಡೋ ಎನ್‌ವಿಎಂಇ 3500ರ ಹತ್ತಿರ ಹೋಗುತ್ತೆ, ನಾಲ್ಕನೇ ಪೀಳಿಗೆಯದು 7000. ನೋಡೋಕೆ ಎರಡೂ ಒಂದೇ ಥರ ಪಟ್ಟಿ. ಸಾಟಾದ ಪಟ್ಟಿಗೆ ಸಾಮಾನ್ಯವಾಗಿ ಎರಡು ಕಚ್ಚು, ಎನ್‌ವಿಎಂಇಗೆ ಒಂದು. ಆದರೆ ಬರೀ ಕಚ್ಚು ನೋಡಿ ನಂಬಬೇಡಿ. ನಮ್ಮ ರೂಮಿನವನ ಲ್ಯಾಪ್‌ಟಾಪಲ್ಲಿ ಎನ್‌ವಿಎಂಇ ಪಟ್ಟಿ ಸ್ಲಾಟಿಗೆ ಚೆನ್ನಾಗೇ ಕೂತಿತು, ಸ್ಕ್ರೂನೂ ಆಯ್ತು, ಬಯೋಸಲ್ಲಿ ಮಾತ್ರ ಕಾಣಲೇ ಇಲ್ಲ. ಆ ಸ್ಲಾಟಿಗೆ ಮದರ್‌ಬೋರ್ಡಿನಿಂದ ಸಾಟಾ ಗೆರೆಗಳನ್ನ ಮಾತ್ರ ಎಳೆದಿದ್ದರು. ಪ್ಯಾಕೆಟ್ ಒಡೆದಿದ್ದಕ್ಕೆ ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ.

ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನೋ ಚಿಕ್ಕ ಸಾಫ್ಟ್‌ವೇರ್ ಈಗಿರೋ ಡ್ರೈವ್ ಯಾವ ಭಾಷೆಯದು ಅಂತ ಹೇಳುತ್ತೆ. ಸ್ಲಾಟ್ ಎರಡೂ ಒಪ್ಪುತ್ತಾ ಅನ್ನೋದಕ್ಕೆ ನಿಮ್ಮ ಮಾಡೆಲ್ ನಂಬರಿನ ಸರ್ವಿಸ್ ಮ್ಯಾನುಯಲ್ ನೋಡಲೇಬೇಕು. ಕಂಪನಿಗಳ ಸಪೋರ್ಟ್ ಪುಟದಲ್ಲಿ ಪಿಡಿಎಫ್ ಸಿಗುತ್ತೆ, ಯಾವ ಸ್ಕ್ರೂ ಎಲ್ಲಿ ಅನ್ನೋ ಚಿತ್ರಾನೂ ಅದರಲ್ಲೇ ಇರುತ್ತೆ. ತುಂಬಾ ಕಡಿಮೆ ಬೆಲೆಯ ಲ್ಯಾಪ್‌ಟಾಪಲ್ಲಿ ಇಎಂಎಂಸಿ ಅಂತ ಇರುತ್ತೆ, ಅದನ್ನ ಬೋರ್ಡಿಗೇ ಬೆಸುಗೆ ಹಾಕಿರ್ತಾರೆ. ನಿಮ್ಮದು ಅದಾಗಿದ್ರೆ ಬದಲಾಯಿಸೋ ಆಸೆ ಬಿಡಿ, ಒಂದು ಎಕ್ಸ್‌ಟರ್ನಲ್ ಎಸ್‌ಎಸ್‌ಡಿ ತಗೊಳ್ಳಿ. ವಾರಂಟಿ ಇನ್ನೂ ಇದ್ರೆ ಬಿಚ್ಚಬಹುದಾ ಅಂತ ಮೊದಲೇ ಕೇಳಿ.

ನನ್ನ ಸ್ಲಾಟ್ ಎರಡೂ ಒಪ್ಪುತ್ತಿತ್ತು. ಎಸ್‌ಪಿ ರೋಡಿಗೆ ಹೋದೆ. (ಎಸ್‌ಪಿ ಅಂದ್ರೆ ಪೊಲೀಸ್ ಎಸ್‌ಪಿ ಅಂದ್ಕೊಂಡಿದ್ದೆ ಇಷ್ಟು ದಿನ. ಸಾದರ್ ಪತ್ರಪ್ಪ ರಸ್ತೆ ಅದು.) ರೇಟ್ ಇಲ್ಲಿ ಬರೆಯಲ್ಲ. 2025ರ ಕೊನೆಯಿಂದ ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್ಪನ್ನೆಲ್ಲ ಬಾಚಿಕೊಳ್ಳೋಕೆ ಶುರು ಮಾಡಿದ ಮೇಲೆ ಬೆಲೆ ಏರ್ತಾನೇ ಇದೆ, ನಾನು ಬರೆದದ್ದು ನೀವು ಓದೋ ಹೊತ್ತಿಗೆ ಸುಳ್ಳಾಗುತ್ತೆ. ನಾಲ್ಕು ಅಂಗಡಿ ಕೇಳಿ. ಜಿಎಸ್‌ಟಿ ಬಿಲ್ಲಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ, ಮುಂದೆ ವಾರಂಟಿ ಕೇಳೋಕೆ ಅದೇ ಆಧಾರ. ಇನ್ನೊಂದು ಮಾತು, ಟಿಎಲ್‌ಸಿನಾ ಕ್ಯೂಎಲ್‌ಸಿನಾ ಅಂತ ಕೇಳಿ. ಟಿಎಲ್‌ಸಿ ಅಂದ್ರೆ ಒಂದು ಸೆಲ್ಲಲ್ಲಿ ಮೂರು ಬಿಟ್, ಕ್ಯೂಎಲ್‌ಸಿ ಅಂದ್ರೆ ನಾಲ್ಕು. ನಾಲ್ಕು ಬಿಟ್ ತುರುಕೋಕೆ ಒಂದೇ ಸೆಲ್ಲಲ್ಲಿ ಹದಿನಾರು ವೋಲ್ಟೇಜ್ ಮಟ್ಟ ಗುರುತಿಸಬೇಕು. ಅದಕ್ಕೇ ಅದು ಬರೆಯೋದು ನಿಧಾನ, ಸವೆಯೋದು ಬೇಗ. ವಿಂಡೋಸ್ ಕೂರೋ ಡ್ರೈವಿಗೆ ನಾನಂತೂ ಟಿಎಲ್‌ಸಿನೇ ತಗೊಂಡೆ.

ಹಳೇ ಡ್ರೈವಲ್ಲಿರೋದನ್ನ ಹೊಸದಕ್ಕೆ ಸಾಗಿಸೋಕೆ ಎರಡು ದಾರಿ. ಒಂದು, ವಿಂಡೋಸನ್ನ ಹೊಸದಾಗಿ ಹಾಕೋದು. 8 ಜಿಬಿಯ ಪೆನ್‌ಡ್ರೈವ್ ಇದ್ರೆ ಮೈಕ್ರೋಸಾಫ್ಟಿನ ಮೀಡಿಯಾ ಕ್ರಿಯೇಷನ್ ಟೂಲ್ ಇಂದ ಆಗುತ್ತೆ. ಲೈಸೆನ್ಸ್ ಹೋಗುತ್ತೆ ಅನ್ನೋ ಭಯ ಬೇಡ, ಅದು ಮದರ್‌ಬೋರ್ಡಿಗೆ ಅಂಟಿರುತ್ತೆ, ಡ್ರೈವಿಗಲ್ಲ. ಇಂಟೆಲ್ 11ನೇ ಪೀಳಿಗೆ ಮತ್ತು ಆಮೇಲಿನ ಲ್ಯಾಪ್‌ಟಾಪಲ್ಲಿ ಎಷ್ಟೋ ಸಲ ಇನ್‌ಸ್ಟಾಲರ್‌ಗೆ ಡ್ರೈವೇ ಕಾಣಲ್ಲ. ಹೊಸ ಎಸ್‌ಎಸ್‌ಡಿ ಸತ್ತಿದೆ ಅಂತ ಅಂಗಡಿಗೆ ಓಡಬೇಡಿ. ಇಂಟೆಲ್‌ನ ಸ್ಟೋರೇಜ್ ಡ್ರೈವರನ್ನ ಪೆನ್‌ಡ್ರೈವಲ್ಲಿ ಇಟ್ಟುಕೊಂಡು 'ಲೋಡ್ ಡ್ರೈವರ್' ಒತ್ತಿದರೆ ಕಾಣಿಸುತ್ತೆ.

ಎರಡನೇ ದಾರಿ ಕ್ಲೋನ್. ಹಳೇ ಡ್ರೈವಿನ ಪಡಿಯಚ್ಚನ್ನ ಹೊಸದರ ಮೇಲೆ ಇಳಿಸೋದು. ನಾನು ಇದನ್ನೇ ಹಿಡಿದೆ, ಯಾಕಂದ್ರೆ ಆ ಡ್ರೈವಲ್ಲಿ ಅಕ್ಕನ ಎಕ್ಸೆಲ್ ಇತ್ತು.

ನಮ್ಮೂರು ಮಾಗಡಿ ತಾಲ್ಲೂಕಿನ ಕೆಂಪಾಪುರ. 2015ರಲ್ಲಿ ಕೆಂಪೇಗೌಡರ ಸಮಾಧಿ ಗುರುತಿಸಿದ್ರಲ್ಲ, ಅದೇ ಊರು. ಮನೆಯಲ್ಲಿ ರೇಷ್ಮೆ. ಮೊಟ್ಟೆ ಎಷ್ಟು ತಂದ್ವಿ, ಸೊಪ್ಪಿಗೆ ಎಷ್ಟಾಯ್ತು, ರಾಮನಗರದ ಗೂಡಿನ ಮಾರ್ಕೆಟ್ಟಲ್ಲಿ ಕೆಜಿಗೆ ಎಷ್ಟು ಸಿಕ್ತು, ಪ್ರತಿ ಬೆಳೆಯ ಲೆಕ್ಕವನ್ನೂ ಅಕ್ಕ 2020ರಿಂದ ಆ ಫೈಲಲ್ಲಿ ಬರೀತಾ ಬಂದಿದ್ದಾಳೆ. ಅವಳು ಮದುವೆಯಾಗಿ ಚನ್ನಪಟ್ಟಣಕ್ಕೆ ಹೋದ ಮೇಲೆ ಅಪ್ಪ ಫೋನಲ್ಲಿ ಹೇಳ್ತಾರೆ, ನಾನು ಬರೀತೀನಿ. ಕಾಗದದ ಮೇಲೆ ಎಲ್ಲೂ ಇಲ್ಲ. ಕಾಪಿನೂ ಇರಲಿಲ್ಲ, ಇದನ್ನ ಬರೆಯೋಕೆ ಈಗ ನಾಚಿಕೆ ಆಗುತ್ತೆ.

ದಸರಾ ರಜೆಗೆ ಊರಿಗೆ ಹೋದಾಗ ಹೊಸ ಎಸ್‌ಎಸ್‌ಡಿ, ಸೀನಿಯರ್ ಒಬ್ಬರಿಂದ ಸಾಲ ತಂದ ಯುಎಸ್‌ಬಿ ಎನ್‌ಕ್ಲೋಷರ್, ಕ್ಲೋನ್‌ಜಿಲ್ಲಾ ಹಾಕಿದ ಪೆನ್‌ಡ್ರೈವ್ ಎಲ್ಲ ಬ್ಯಾಗಲ್ಲಿತ್ತು. ಪೆನ್‌ಡ್ರೈವಿಂದ ಬೂಟ್ ಆಗಲಿಲ್ಲ ಅಂತ ಬಯೋಸಿಗೆ ಹೋಗಿ ಸೆಕ್ಯೂರ್ ಬೂಟ್ ಆಫ್ ಮಾಡಿದೆ. ಕ್ಲೋನ್‌ಜಿಲ್ಲಾ ತೆರೆದುಕೊಳ್ತು. ಆದ್ರೆ ಸಿ ಡ್ರೈವ್ ಪಕ್ಕದಲ್ಲಿ ಎನ್‌ಟಿಎಫ್‌ಎಸ್ ಅಂತ ಇರಬೇಕಾದ ಕಡೆ ಬಿಟ್‌ಲಾಕರ್ ಅಂತ ತೋರಿಸ್ತು. ಇದೇನಿದು ಅಂತ ಹಿಂದೆ ಬಂದು ವಿಂಡೋಸ್ ಆನ್ ಮಾಡಿದರೆ ನೀಲಿ ಪರದೆ: 48 ಅಂಕೆಯ ರಿಕವರಿ ಕೀ ಕೊಡಿ.

ಅಲ್ಲಿವರೆಗೆ ಈ ಲ್ಯಾಪ್‌ಟಾಪ್ ಎನ್‌ಕ್ರಿಪ್ಟ್ ಆಗಿದೆ ಅನ್ನೋದೇ ನನಗೆ ಗೊತ್ತಿರಲಿಲ್ಲ. ಅಕ್ಕನಿಗೂ ಗೊತ್ತಿರಲಿಲ್ಲ. ಮೈಕ್ರೋಸಾಫ್ಟ್ ಅಕೌಂಟ್ ಹಾಕಿ ಲಾಗಿನ್ ಆದರೆ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ತಾನಾಗೇ ಶುರುವಾಗುತ್ತೆ. ಇದು ಕೆಲಸ ಮಾಡೋದು ಹೀಗೆ. ಡ್ರೈವಿನ ಬೀಗದ ಕೈಯನ್ನ ಟಿಪಿಎಂ ಅನ್ನೋ ಭದ್ರತಾ ಚಿಪ್ ಕಾಯ್ತಾ ಇರುತ್ತೆ. ಪ್ರತಿ ಸಲ ಆನ್ ಆದಾಗ ಅದು "ನಿನ್ನೆ ಇದ್ದ ಹಾಗೇ ಇದೆಯಾ?" ಅಂತ ಬೂಟ್ ಆಗೋ ರೀತಿಯನ್ನ ಅಳೆದು ನೋಡುತ್ತೆ. ಹಾಗೇ ಇದ್ರೆ ಬೀಗ ತೆಗೆಯುತ್ತೆ, ನಮಗೆ ಗೊತ್ತೇ ಆಗಲ್ಲ. ಸೆಕ್ಯೂರ್ ಬೂಟ್ ಆಫ್ ಆಗಿದ್ರೆ ಯಾರೋ ಕೈ ಹಾಕಿದ್ದಾರೆ ಅಂತ ಲೆಕ್ಕ, ಬೀಗದ ಕೈ ಕೊಡಲ್ಲ. ಕಳ್ಳನಿಗೂ ನನಗೂ ಅದಕ್ಕೆ ವ್ಯತ್ಯಾಸ ಗೊತ್ತಿಲ್ಲ. ಆಗ ಉಳಿಯೋದು ಆ 48 ಅಂಕೆ ಮಾತ್ರ. ಅದು ಇಲ್ಲದಿದ್ರೆ ಸರ್ವಿಸ್ ಸೆಂಟರಿನವರೂ ತೆಗೆಯೋಕಾಗಲ್ಲ.

ಅಕ್ಕನಿಗೆ ಫೋನ್ ಮಾಡಿದೆ. "ಲೋ, ಏನೋ ಮಾಡಿದೆ ನನ್ ಲ್ಯಾಪ್‌ಟಾಪಿಗೆ?" ಕೀ ಅವಳ ಮೈಕ್ರೋಸಾಫ್ಟ್ ಅಕೌಂಟಲ್ಲಿ ಇರಬೇಕು. ಪಾಸ್‌ವರ್ಡ್ ನೆನಪಿಲ್ಲ. ಒಟಿಪಿ ಹೋಗೋದು ಅವಳ ಕಾಲೇಜು ದಿನದ ನಂಬರಿಗೆ. ಆ ಸಿಮ್ ಈಗ ಅಪ್ಪನ ಕೀಪ್ಯಾಡ್ ಫೋನಲ್ಲಿದೆ. ಅಪ್ಪ ಹಿಪ್ಪುನೇರಳೆ ತೋಟದಲ್ಲಿ. ಓಡಿಹೋದೆ. ಅಪ್ಪ ಸೊಪ್ಪು ಕುಯ್ತಾ ಇದ್ದವರು ಜೇಬಿಂದ ಫೋನ್ ತೆಗೆದುಕೊಟ್ಟು "ಯಾಕ್ಲಾ ಹಿಂಗೆ ಬೆವರ್ತಿದೀಯಾ?" ಅಂದ್ರು. ಲೆಕ್ಕದ ಫೈಲಿನ ವಿಷಯ ಹೇಳೋಕೆ ಬಾಯಿ ಬರಲಿಲ್ಲ, "ಒಟಿಪಿ" ಅಂದೆ ಅಷ್ಟೇ. ಅಲ್ಲೇ ಬದುವಿನ ಮೇಲೆ ನಿಂತು ಆರು ಅಂಕೆ ಓದಿ ಹೇಳಿದೆ. ಅಕ್ಕನ ಅಕೌಂಟಲ್ಲಿ ಎರಡು ಕೀ ಇದ್ದವು. ನೀಲಿ ಪರದೆಯಲ್ಲಿ ಕೀ ಐಡಿ ಅಂತ ಒಂದು ಗುರುತು ಇರುತ್ತೆ, ಅದಕ್ಕೆ ಹೊಂದೋದನ್ನ ಹುಡುಕಬೇಕು. ಆಮೇಲೆ ಮನೆಗೆ ಬಂದು, ಆರಾರು ಅಂಕೆಯ ಎಂಟು ಗುಂಪು, ನೆಟ್‌ವರ್ಕ್ ಕಡಿದು ಕಡಿದು ಬರ್ತಿರುವಾಗ ಅವಳು ಓದಿ ನಾನು ಒತ್ತಿ, ವಿಂಡೋಸ್ ತೆರೆದುಕೊಳ್ತು.

ಬಯೋಸಲ್ಲಿ ಸೆಕ್ಯೂರ್ ಬೂಟನ್ನ ವಾಪಸ್ ಆನ್ ಮಾಡಿದ್ರೂ ಸಾಕಿತ್ತು, ಅಳತೆ ಮತ್ತೆ ಹೊಂದಿ ಬಿಟ್‌ಲಾಕರ್ ಸುಮ್ಮನಾಗ್ತಿತ್ತು ಅಂತ ಆಮೇಲೆ ಓದಿ ತಲೆ ಚಚ್ಚಿಕೊಂಡೆ. ಆದ್ರೂ ಕೀ ಕೈಯಲ್ಲಿ ಇರಲೇಬೇಕು. ಈ ಲೇಖನದಲ್ಲಿ ಒಂದೇ ಒಂದು ಕೆಲಸ ಮಾಡೋದಾದ್ರೆ ಇದನ್ನ ಮಾಡಿ, ಡ್ರೈವ್ ಬದಲಾಯಿಸೋ ಯೋಚನೆ ಇಲ್ಲದಿದ್ರೂ: ಸೆಟ್ಟಿಂಗ್ಸಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ಆನ್ ಇದೆಯಾ ನೋಡಿ. ಇದ್ರೆ ಯಾರ ಅಕೌಂಟಲ್ಲಿ ಕೀ ಇದೆ ಪತ್ತೆ ಮಾಡಿ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಅಕ್ಕ, ಅಣ್ಣ, ಕಸಿನ್ ಹತ್ತಿರ ತಗೊಂಡ ಲ್ಯಾಪ್‌ಟಾಪ್ ಆದ್ರೆ ಇವತ್ತೇ.

ಮೊದಲು ಎಕ್ಸೆಲ್ ಫೈಲನ್ನ ಪೆನ್‌ಡ್ರೈವಿಗೂ ಗೂಗಲ್ ಡ್ರೈವಿಗೂ ಹಾಕಿದೆ. ಎನ್‌ಕ್ರಿಪ್ಷನ್ ಆಫ್ ಮಾಡಿದೆ. ಪೂರ್ತಿ ಬಿಡಿಸೋಕೆ ಒಂದು ಗಂಟೆ ಮೇಲೆ ತಗೊಳ್ತು, ಅಲ್ಲಿವರೆಗೆ ಕಾಯಲೇಬೇಕು. ಹೈಬರ್ನೇಷನ್ ಮೊದಲೇ ಆಫ್ ಆಗಿತ್ತು, ಇಲ್ಲದಿದ್ರೆ ಅದನ್ನೂ ಮಾಡಬೇಕು. ಯಾಕಂದ್ರೆ ವಿಂಡೋಸ್ ಶಟ್‌ಡೌನ್ ಅಂತ ಹೇಳಿ ಅರ್ಧ ನಿದ್ದೆಯಲ್ಲಿರುತ್ತೆ, ಆ ಸ್ಥಿತಿಯ ಡ್ರೈವನ್ನ ಲಿನಕ್ಸ್ ಟೂಲ್‌ಗಳು ಮುಟ್ಟೋಕೆ ಒಪ್ಪಲ್ಲ.

ಕ್ಲೋನ್ ಮಾಡುವಾಗ ಎಚ್ಚರ ಬೇಕಾದ್ದು ಒಂದೇ ಜಾಗದಲ್ಲಿ: ಯಾವುದರಿಂದ, ಯಾವುದಕ್ಕೆ. ಉಲ್ಟಾ ಆರಿಸಿದರೆ ಖಾಲಿ ಡ್ರೈವ್ ಬಂದು ತುಂಬಿದ ಡ್ರೈವಿನ ಮೇಲೆ ಕೂರುತ್ತೆ, ಎಲ್ಲ ಮುಗೀತು. ಹೆಸರು ನೋಡಬೇಡಿ, ಸೈಜ್ ನೋಡಿ. ನನಗೆ 128, 512, ಮತ್ತೆ 1 ಟಿಬಿ ಅಂತ ಮೂರು ಕಾಣ್ತಿದ್ದವು, ಬೇರೆ ಬೇರೆ ಸೈಜ್ ಆದ್ದರಿಂದ ಗೊಂದಲ ಆಗಲಿಲ್ಲ.

ಅರ್ಧ ಆಗಿತ್ತು, ಕರೆಂಟ್ ಹೋಯ್ತು. ಊರಲ್ಲಿ ಇದು ಹೊಸದೇನಲ್ಲ. ಬ್ಯಾಟರಿ ಇನ್ನೂ ಮುಕ್ಕಾಲು ಗಂಟೆ ತಡೆಯುತ್ತೆ, ಆದ್ರೂ ಎದೆ ಧಸಕ್ ಅಂತು. ಅಜ್ಜಿ ದೀಪ ಹಚ್ಚಿ ತಂದು ಪಕ್ಕದಲ್ಲಿಟ್ಟು "ಮುಚ್ಚಿಟ್ಟು ಉಣ್ಣೋಕೆ ಬಾ ಮಗ" ಅಂದ್ರು. ನಿಜ ಹೇಳಬೇಕಂದ್ರೆ ಅಲ್ಲಿ ಹೆದರೋ ಅಂಥದ್ದೇನೂ ಇರಲಿಲ್ಲ. ಕ್ಲೋನ್ ಹಳೇ ಡ್ರೈವಿಂದ ಬರೀ ಓದುತ್ತೆ, ಅದರ ಮೇಲೆ ಏನೂ ಬರೆಯಲ್ಲ. ಮಧ್ಯೆ ನಿಂತರೆ ಹಾಳಾಗೋದು ಹೊಸದರ ಮೇಲಿನ ಪ್ರತಿ, ಮತ್ತೆ ಮೊದಲಿಂದ ಶುರು ಮಾಡಿದರಾಯ್ತು.

ಇನ್ನು ಬಿಚ್ಚೋದು. ಪೂರ್ತಿ ಶಟ್‌ಡೌನ್, ಚಾರ್ಜರ್ ತೆಗೆಯೋದು. ಸ್ಕ್ರೂಗಳೆಲ್ಲ ಒಂದೇ ಉದ್ದ ಇರಲ್ಲ. ನಾನು ಕಾಗದದ ಮೇಲೆ ಲ್ಯಾಪ್‌ಟಾಪ್ ಆಕಾರ ಬರೆದು ಯಾವುದು ಎಲ್ಲಿಂದ ಬಂತೋ ಅಲ್ಲೇ ಟೇಪ್ ಹಾಕಿ ಅಂಟಿಸಿದೆ. ಎರಡು ಸ್ಕ್ರೂ ರಬ್ಬರ್ ಪಟ್ಟಿ ಕೆಳಗೆ ಅಡಗಿದ್ದವು. ಮುಚ್ಚಳ ಎಬ್ಬಿಸೋಕೆ ಅವಧಿ ಮುಗಿದ ಎಟಿಎಂ ಕಾರ್ಡ್, ಚಾಕು ಬೇಡವೇ ಬೇಡ. ಒಳಗೆ ಮೊದಲು ಬ್ಯಾಟರಿ ಕನೆಕ್ಟರ್ ಬಿಡಿಸಿ, ಲೋಹದ ಏನನ್ನಾದರೂ ಮುಟ್ಟಿ ಮೈಯ ಸ್ಟ್ಯಾಟಿಕ್ ಕಳೆದುಕೊಂಡು ಆಮೇಲೆ ಮುಂದಿನದು. ಎಸ್‌ಎಸ್‌ಡಿಯ ಒಂದೇ ಸ್ಕ್ರೂ ತೆಗೆದ ತಕ್ಷಣ ಪಟ್ಟಿ ತಾನಾಗೇ ಓರೆಯಾಗಿ ಎದ್ದು ನಿಲ್ಲುತ್ತೆ. ಹೊಸದನ್ನೂ ಹಾಗೇ ಓರೆಯಾಗಿ ತೂರಿಸಿ, ಕೆಳಗೆ ಒತ್ತಿ, ಸ್ಕ್ರೂ. ಆ ಸ್ಕ್ರೂ ನನ್ನ ಕೈಯಿಂದ ಜಾರಿ ಚಾಪೆಯ ಸಂದಿಗೆ ಹೋಯ್ತು. ಹುಡುಕಿಕೊಟ್ಟಿದ್ದು ಅಜ್ಜಿ, ಬರೀ ಬೆರಳಿಂದ ತಡವಿ. ಅಕ್ಕಿಯಲ್ಲಿ ಕಲ್ಲು ಆರಿಸೋ ಕೈ.

ವಿಂಡೋಸ್ ಬಂತು. ಎಲ್ಲ ಇದ್ದ ಹಾಗೇ. ಸಿ ಡ್ರೈವ್ ನೋಡಿದೆ: 118 ಜಿಬಿ. ಇನ್ನೂ ಕೆಂಪು!

ಇದು ಎಲ್ಲರಿಗೂ ಆಗುತ್ತೆ, ಹೆದರಬೇಡಿ. ಕ್ಲೋನ್ ಅಂದ್ರೆ ಪಡಿಯಚ್ಚು, ಪಾರ್ಟಿಷನ್‌ಗಳ ಗಡಿಗಳೂ ಹಳೇ ಅಳತೆಯಲ್ಲೇ ಬಂದಿರುತ್ತೆ. ಡಿಸ್ಕ್ ಮ್ಯಾನೇಜ್‌ಮೆಂಟಲ್ಲಿ ನೋಡಿದ್ರೆ ಕೊನೆಯಲ್ಲಿ 357 ಜಿಬಿ ಯಾರ ಹೆಸರಲ್ಲೂ ಇಲ್ಲದೆ ಬಿದ್ದಿತ್ತು. ಆದ್ರೆ 'ಎಕ್ಸ್‌ಟೆಂಡ್ ವಾಲ್ಯೂಮ್' ಮಂಕಾಗಿತ್ತು, ಒತ್ತೋಕೇ ಆಗಲ್ಲ. ಸಿ ಬೆಳೀಬೇಕಂದ್ರೆ ಖಾಲಿ ಜಾಗ ಅದರ ಬಲಕ್ಕೆ ಅಂಟಿಕೊಂಡೇ ಇರಬೇಕು. ಇಲ್ಲಿ ಮಧ್ಯದಲ್ಲಿ 600 ಎಂಬಿಯ ರಿಕವರಿ ಪಾರ್ಟಿಷನ್ ಕೂತಿತ್ತು. ನಮ್ಮ ಹೊಲಕ್ಕೂ ನಾವು ಕೊಂಡ ಪಕ್ಕದ ಹೊಲಕ್ಕೂ ನಡುವೆ ಬೇರೆಯವರ ಎರಡು ಗುಂಟೆ ಇದ್ದ ಹಾಗೆ.

ಜಿಪಾರ್ಟೆಡ್ ಲೈವ್ ಅನ್ನೋ ಇನ್ನೊಂದು ಫ್ರೀ ಟೂಲನ್ನ ಪೆನ್‌ಡ್ರೈವಿಂದ ಬೂಟ್ ಮಾಡಿ, ಆ ರಿಕವರಿ ಪಾರ್ಟಿಷನನ್ನ ಡ್ರೈವಿನ ತುದಿಗೆ ತಳ್ಳಿದೆ. ಅಳಿಸಲಿಲ್ಲ, ಮುಂದೆ ವಿಂಡೋಸ್ ಕೈಕೊಟ್ಟಾಗ ಅದೇ ಬೇಕು. ಆಮೇಲೆ ವಿಂಡೋಸಿಗೆ ಬಂದು ಎಕ್ಸ್‌ಟೆಂಡ್ ಒತ್ತಿದೆ. ಎರಡು ಸೆಕೆಂಡ್. ಕೆಂಪು ಹೋಗಿ ನೀಲಿ. ಅಜ್ಜಿಗೆ ತೋರಿಸಿದೆ, ಅವರಿಗೆ ಅರ್ಥ ಆಗಲಿಲ್ಲ, "ಚೆನ್ನಾಗದೆ" ಅಂದ್ರು.

ಸೆಕ್ಯೂರ್ ಬೂಟ್ ಆನ್, ಎನ್‌ಕ್ರಿಪ್ಷನ್ ಮತ್ತೆ ಆನ್. ಈ ಸಲ ಕೀ ಅಕ್ಕನ ಅಕೌಂಟಿನ ಜೊತೆಗೆ ಅಪ್ಪನ ಮಾರ್ಕೆಟ್ ಚೀಟಿಗಳ ಡಬ್ಬಿಯಲ್ಲೂ ಒಂದು ಕಾಗದದಲ್ಲಿದೆ. ಹಳೇ 128 ಜಿಬಿಯನ್ನ ಎರಡು ವಾರ ಮುಟ್ಟಲಿಲ್ಲ, ಹೊಸದು ಏನಾದ್ರೂ ತಕರಾರು ಮಾಡಿದ್ರೆ ಅದನ್ನೇ ವಾಪಸ್ ಹಾಕಬಹುದು ಅಂತ. ಆಮೇಲೆ ಅದಕ್ಕೇ ಒಂದು ಎನ್‌ಕ್ಲೋಷರ್ ಕೊಂಡು, ಅಳಿಸಿ, ಅಕ್ಕನ ಎಕ್ಸೆಲ್ಲಿನ ಒಂದು ಕಾಪಿ ಹಾಕಿ ಕೆಂಪಾಪುರದ ಬೀರುವಲ್ಲಿಟ್ಟಿದ್ದೀನಿ. ಮೊನ್ನೆ ಅಪ್ಪ ಫೋನ್ ಮಾಡಿ ಹೊಸ ಬೆಳೆಯ ಗೂಡಿನ ರೇಟ್ ಹೇಳಿದ್ರು. ಬರೆದು ಸೇವ್ ಒತ್ತಿದೆ, ಸೇವ್ ಆಯ್ತು.